ಮಾತುಕತೆಯಿಂದ ಯುದ್ಧ ನಿಂತದ್ದುಂಟೇ? – ಓದುಗರ ಪ್ರಶ್ನೆಗಳಿಗೆ ಉತ್ತರ

ಬೇರೆ ಬೇರೆ ಮತಗಳ, ಬೇರೆ ಬೇರೆ ನಡೆನುಡಿಯ ಜನರ ನಡುವೆ ಶಾಂತಿ ನೆಲೆಸುವ ಬಗೆ ಯಾವುದು ಎಂದು ಕೇಳಿ ಬಂದ ಪತ್ರಗಳು ಈ ಸಲ ಹೆಚ್ಚಾಗಿದ್ದವು. ಅವುಗಳಲ್ಲಿ ಐದನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಬರೆದವರ ಹೆಸರನ್ನು ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇನೆ; ಉದ್ದವಾಗಿದ್ದ ಪತ್ರಗಳನ್ನು ಅರ್ಥ ಕೆಡದಂತೆ ಮೊಟಕುಗೊಳಿಸಿದ್ದೇನೆ.

ಪ್ರಶ್ನೆ: ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾಗಿದ್ದೇನೆ. ವಿಶ್ವಶಾಂತಿಯ ಪಾಠವನ್ನು ಪ್ರತಿವರ್ಷವೂ ಮನಸ್ಸಿಟ್ಟು ಮಾಡಿದ್ದೇನೆ. ಆದರೆ ಬೇರೆ ಬೇರೆ ಮತದ ಗುರುಗಳು ಒಂದೇ ವೇದಿಕೆಯಲ್ಲಿ ಕೈ ಹಿಡಿದು ನಿಂತ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿದಾಗಲೆಲ್ಲ ಒಂದು ಸಂಶಯ ಕಾಡುತ್ತದೆ. ಇಂಥವರ ಮಾತುಕತೆಯಿಂದ ಜಗತ್ತಿನಲ್ಲಿ ಎಲ್ಲಾದರೂ ಒಂದು ಯುದ್ಧ ನಿಜವಾಗಿ ನಿಂತಿದೆಯೇ? – ತೀರ್ಥಹಳ್ಳಿ

ಉತ್ತರ: ನಿಂತಿದೆ. ಆಫ್ರಿಕದ ಆಗ್ನೇಯ ಕರಾವಳಿಯಲ್ಲಿರುವ ಮೊಜಾಂಬಿಕ್ ದೇಶದ ಕಥೆಯನ್ನು ಇಲ್ಲಿ ತುಸು ವಿವರವಾಗಿಯೇ ಹೇಳಬೇಕು, ಏಕೆಂದರೆ ನಿಮ್ಮ ಸಂಶಯಕ್ಕೆ ಒಂದೇ ಮಾತಿನ ಉತ್ತರ ಸಾಲದು.

ಪೋರ್ಚುಗೀಸರ ಆಳ್ವಿಕೆಯಿಂದ 1975ರ ಜೂನ್ 25ರಂದು ಬಿಡುಗಡೆ ಪಡೆದ ಆ ದೇಶ ಎರಡು ವರ್ಷ ಕಳೆಯುವಷ್ಟರಲ್ಲಿ ಅಂತರ್ಯುದ್ಧಕ್ಕೆ ಸಿಲುಕಿತು. ಒಂದು ಕಡೆ ಮಾರ್ಕ್ಸ್‌ವಾದವನ್ನು ಒಪ್ಪಿಕೊಂಡಿದ್ದ ಫ್ರೆಲಿಮೊ ಪಕ್ಷದ ಸರ್ಕಾರವಿತ್ತು. ಇನ್ನೊಂದು ಕಡೆ ಮೊದಲು ನೆರೆಯ ರೊಡೇಸಿಯದ (ಇಂದಿನ ಜಿಂಬಾಬ್ವೆ), ಆಮೇಲೆ ವರ್ಣಭೇದ ನೀತಿಯ ದಕ್ಷಿಣ ಆಫ್ರಿಕದ ನೆರವಿನಿಂದ ಬೆಳೆದ ರೆನಾಮೊ ಎಂಬ ಬಂಡುಕೋರ ಪಡೆಯಿತ್ತು. ಹದಿನೈದು ವರ್ಷಗಳ ಆ ಕಾಳಗದಲ್ಲಿಯೂ ಅದರ ಬೆನ್ನಿಗೇ ಬಂದ ಬರಗಾಲದಲ್ಲಿಯೂ ಸುಮಾರು ಹತ್ತು ಲಕ್ಷ ಜನ ಸತ್ತರು. ಊರು ಬಿಟ್ಟು ಮಲಾವಿಯಂಥ ನೆರೆದೇಶಗಳ ಶಿಬಿರ ಸೇರಿದವರೂ ಹತ್ತು ಲಕ್ಷಕ್ಕೆ ಮೀರಿದ್ದರು.

ಇತ್ತ ರೋಮ್ ನಗರದಲ್ಲಿ 1968ರಲ್ಲಿ ಆಂದ್ರೆಯಾ ರಿಕ್ಕಾರ್ದಿ ಎಂಬ ಹದಿನೆಂಟರ ಹುಡುಗ, ತನ್ನ ಶಾಲೆಯ ಗೆಳೆಯರನ್ನು ಕಟ್ಟಿಕೊಂಡು, ಊರಾಚೆಯ ಜೋಪಡಿಗಳಲ್ಲಿದ್ದ ಬಡಮಕ್ಕಳಿಗೆ ಪಾಠ ಹೇಳಲು ಹೋಗತೊಡಗಿದ್ದನು. ಆ ಗುಂಪು ಬೆಳೆದು, ತ್ರಾಸ್ತೆವೆರೆ ಎಂಬ ಹಳೆಯ ಬಡಾವಣೆಯ ಒಂದು ಮಠದಲ್ಲಿ ನೆಲೆ ಕಂಡು, ಅಲ್ಲಿನ ಚರ್ಚಿನ ಹೆಸರನ್ನೇ ಇಟ್ಟುಕೊಂಡು ಸಾಂತ್ ಎಜಿದಿಯೊ ಸಮುದಾಯವೆನಿಸಿತು. ರೋಮ್‌ನಲ್ಲಿ ಓದುತ್ತಿದ್ದ ಜೈಮೆ ಗೊನ್ಸಾಲ್ವೆಸ್ ಎಂಬ ಮೊಜಾಂಬಿಕ್‌ನ ಪಾದ್ರಿಯ ಪರಿಚಯ ಅವರಿಗಾದದ್ದು ಆ ದಿನಗಳಲ್ಲಿ. ಮುಂದೆ ಅವರು ಬೈರಾ ನಗರದ ಬಿಷಪ್ಪರಾಗಿ, ಹೊಸ ಸರ್ಕಾರದ ಕೈಯಲ್ಲಿ ಚರ್ಚುಗಳು ಪಡುತ್ತಿದ್ದ ಪಾಡನ್ನು ಈ ಗೆಳೆಯರಿಗೆ ಹೇಳಿಕೊಂಡಾಗ, ಇವರು ಮಾಡಿದ ಕೆಲಸ ಗಮನಿಸುವಂಥದು. ಮೊಜಾಂಬಿಕ್‌ನ ಆಡಳಿತಗಾರರು ಯಾರ ಮಾತಿಗೆ ಬೆಲೆ ಕೊಡುತ್ತಾರೆಂದು ಯೋಚಿಸಿ, ಇಟಲಿಯ ಕಮ್ಯುನಿಸ್ಟ್ ಪಕ್ಷದ ನಾಯಕ ಎನ್ರಿಕೊ ಬೆರ್ಲಿಂಗ್ವೆರ್ ಅವರ ಮನೆಬಾಗಿಲಿಗೆ ಹೋದರು. ಕ್ರೈಸ್ತಭಕ್ತರ ಅಹವಾಲನ್ನು ಕಮ್ಯುನಿಸ್ಟ್ ನಾಯಕರೊಬ್ಬರು ತಲುಪಿಸಿದರು. ಬರಗಾಲ ಬಂದಾಗ ಇದೇ ಸಮುದಾಯ ಹಡಗಿನಲ್ಲಿ ಆಹಾರ, ಔಷಧಿ ಕಳಿಸಿತು. ಹೀಗೆ ಹತ್ತಾರು ವರ್ಷದ ನಂಬಿಕೆ ಕೂಡಿಬಂದ ಮೇಲೆ, 1990ರ ಜುಲೈ 8ರಂದು, ಸರ್ಕಾರದವರೂ ಬಂಡುಕೋರರೂ ಆ ಮಠದಲ್ಲಿ ಮೊದಲ ಬಾರಿಗೆ ಮುಖಾಮುಖಿ ಕುಳಿತರು.

ನಡುವೆ ಕುಳಿತವರು ನಾಲ್ವರು: ರಿಕ್ಕಾರ್ದಿ, ಅವರ ಸಮುದಾಯದ ಯುವ ಪಾದ್ರಿ ಮತ್ತೆಯೊ ಝುಪ್ಪಿ, ಆ ವೇಳೆಗೆ ಆರ್ಚ್‌ಬಿಷಪ್ಪರಾಗಿದ್ದ ಗೊನ್ಸಾಲ್ವೆಸ್ ಮತ್ತು ಇಟಲಿ ಸರ್ಕಾರದ ಪರವಾಗಿ ಮಾರಿಯೊ ರಫಾಯೆಲ್ಲಿ. ಈ ಸಮುದಾಯಕ್ಕೆ ಸೈನ್ಯವಿರಲಿಲ್ಲ, ಸಾಲ ಕೊಡುವ ಅಥವಾ ತಡೆಹಿಡಿಯುವ ಶಕ್ತಿಯಿರಲಿಲ್ಲ. ಬೆದರಿಸಲು ಏನೂ ಇಲ್ಲದವರ ಮುಂದೆ ಮನಸ್ಸು ಬಿಚ್ಚುವುದು ಎರಡೂ ಕಡೆಯವರಿಗೆ ಸುಲಭವಾಯಿತೆಂದು ನಾನು ತಿಳಿಯುತ್ತೇನೆ. ಮೊದಲ ಸಭೆ ಮುಗಿದಾಗ ಅವರು ಹೊರಡಿಸಿದ ಹೇಳಿಕೆಯಲ್ಲಿ, ತಾವೆಲ್ಲರೂ ಒಂದೇ ನಾಡಿನವರು, ಮೊಜಾಂಬಿಕ್ ಎಂಬ ದೊಡ್ಡ ಕುಟುಂಬಕ್ಕೆ ಸೇರಿದವರು ಎಂಬ ಮಾತಿತ್ತು. ಅದುವರೆಗೆ ಒಬ್ಬರನ್ನೊಬ್ಬರು ‘ಹಥಿಯಾರು ಹಿಡಿದ ಡಕಾಯಿತರು’, ‘ದಬ್ಬಾಳಿಕೆಗಾರರು’ ಎಂದು ಕರೆಯುತ್ತಿದ್ದವರ ಬಾಯಲ್ಲಿ ಬಂದ ಮಾತು ಅದು. ಆಮೇಲೆ ನಡೆದದ್ದೆಲ್ಲ ತಾಳ್ಮೆಯನ್ನು ಪರೀಕ್ಷಿಸುವ ಕೆಲಸ: ಚುನಾವಣೆಯ ಕಾನೂನು ಹೇಗಿರಬೇಕು, ಎರಡು ಪಡೆಗಳನ್ನು ಸೇರಿಸಿ ಒಂದು ಸೈನ್ಯವನ್ನು ಹೇಗೆ ಕಟ್ಟಬೇಕು, ಕಾಡಿನಿಂದ ಹೊರಬರುವವರ ಪ್ರಾಣಕ್ಕೆ ಹೊಣೆ ಯಾರು ಎಂಬುದನ್ನೆಲ್ಲ ಒಂದೊಂದಾಗಿ ಬಿಡಿಸಲು ಇಪ್ಪತ್ತೇಳು ತಿಂಗಳು ಹಿಡಿದವು. 1992ರ ಅಕ್ಟೋಬರ್ 4ರಂದು ಅಧ್ಯಕ್ಷ ಜೊವಾಕಿಂ ಶಿಸಾನೊ ಮತ್ತು ರೆನಾಮೊ ನಾಯಕ ಅಫೊನ್ಸೊ ಡ್ಲಾಕಾಮ ಒಪ್ಪಂದಕ್ಕೆ ಸಹಿ ಹಾಕಿದರು. ವಿಶ್ವಸಂಸ್ಥೆ ಮೇಲ್ವಿಚಾರಣೆಗೆ ಪಡೆ ಕಳಿಸಿತು. 1994ರ ಅಕ್ಟೋಬರಿನಲ್ಲಿ ಹಲವು ಪಕ್ಷಗಳ ಚುನಾವಣೆ ನಡೆಯಿತು.

ರೋಮ್‌ನಲ್ಲಿ ಸಹಿಯಾದದ್ದು ಊರಿನಲ್ಲಿ ನೆಲೆನಿಂತದ್ದು ಹೇಗೆ ಎಂಬುದು ನನಗೆ ಇನ್ನೂ ಮುಖ್ಯವಾಗಿ ಕಾಣುತ್ತದೆ. ಕೊಂದು ಬಂದ ಹುಡುಗರನ್ನು ಮತ್ತೆ ಮನೆಗೆ ಸೇರಿಸಿಕೊಳ್ಳುವ ಮೊದಲು ಹಳ್ಳಿಗಳ ನಾಟಿವೈದ್ಯರು ತಮ್ಮ ಪದ್ಧತಿಯಂತೆ ಶುದ್ಧಿಯ ವಿಧಿಗಳನ್ನು ನಡೆಸಿದರು. ಯುದ್ಧದಲ್ಲಿ ಸತ್ತವರ ನೆರಳು ಅವರನ್ನು ಬಿಟ್ಟು ಹೋಗಲಿ ಎಂಬುದು ಆ ವಿಧಿಗಳ ಆಶಯವಾಗಿತ್ತು. ಆಂಗ್ಲಿಕನ್ ಬಿಷಪ್ ದಿನಿಸ್ ಸೆಂಗುಲಾನೆ ಅವರ ಪ್ರೇರಣೆಯಿಂದ ಅಲ್ಲಿನ ಕ್ರೈಸ್ತ ಸಭೆಗಳ ಒಕ್ಕೂಟ 1995ರಲ್ಲಿ ಇನ್ನೊಂದು ಕೆಲಸ ಆರಂಭಿಸಿತು. ಬಚ್ಚಿಟ್ಟ ಬಂದೂಕನ್ನು ತಂದು ಒಪ್ಪಿಸಿದವರಿಗೆ ಗುದ್ದಲಿ, ಹೊಲಿಗೆ ಯಂತ್ರ, ಸೈಕಲ್ ಕೊಡುವ ಯೋಜನೆ ಅದು. ಒಪ್ಪಿಸಿದ ಬಂದೂಕುಗಳನ್ನು ತುಂಡರಿಸಿ ಕಲಾವಿದರು ಕುರ್ಚಿ, ಹಕ್ಕಿ, ಮರಗಳ ಶಿಲ್ಪ ಮಾಡಿದರು. ಅಂಥ ಒಂದು ಬಂದೂಕಿನ ಸಿಂಹಾಸನ ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಆ ಶಾಂತಿಗೆ ಬಿರುಕು ಬಿಟ್ಟೇ ಇಲ್ಲವೆಂದು ನಿಮಗೆ ಹೇಳಿದರೆ ತಪ್ಪಾಗುತ್ತದೆ. 2013ರಲ್ಲಿ ಹಳೆಯ ಎದುರಾಳಿಗಳ ನಡುವೆ ಮತ್ತೆ ಗುಂಡು ಹಾರಿತು, 2019ರಲ್ಲಿ ಇನ್ನೊಂದು ಒಪ್ಪಂದ ಬೇಕಾಯಿತು. ದೇಶದ ಉತ್ತರ ತುದಿಯ ಕಾಬೊ ದೆಲ್ಗಾದೊ ಪ್ರಾಂತ್ಯದಲ್ಲಿ 2017ರಿಂದ ಧರ್ಮದ ಹೆಸರು ಹೇಳಿಕೊಂಡ ಬೇರೊಂದು ಹಿಂಸೆ ನಡೆಯುತ್ತಿದೆ. ಆದರೂ 1992ರ ಸಹಿಯ ನಂತರ ಇಪ್ಪತ್ತು ವರ್ಷ ಒಂದು ಪೀಳಿಗೆಯ ಮಕ್ಕಳು ಯುದ್ಧ ಕಾಣದೆ ಬೆಳೆದರು. ನೀವು ಪತ್ರಿಕೆಯಲ್ಲಿ ನೋಡುವ ಚಿತ್ರ ಇಪ್ಪತ್ತೇಳು ತಿಂಗಳ ಕೊನೆಯ ನಿಮಿಷದ್ದು. ಮೊದಲ ದಿನದ್ದಾಗಿದ್ದರೆ ನಿಮ್ಮ ಸಂಶಯ ಸರಿಯಾದದ್ದೇ. ನೀವು ಮತ್ತೆ ಯಾವಾಗಲಾದರೂ ಮಕ್ಕಳೆದುರು ಈ ಪಾಠ ಹೇಳುವ ಸಂದರ್ಭ ಬಂದರೆ, ಜೋಪಡಿಯ ಮಕ್ಕಳಿಗೆ ಪಾಠ ಹೇಳಲು ಹೋದ ಆ ಹದಿನೆಂಟರ ಹುಡುಗನಿಂದಲೇ ಆರಂಭಿಸಿ ಎಂದು ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ಎಲ್ಲ ಧರ್ಮಗಳ ಸಾರವೂ ಒಂದೇ ಎಂದು ಸಭೆಗಳಲ್ಲಿ ಹೇಳುತ್ತಾರೆ. ನನಗೆ ನನ್ನ ಧರ್ಮದಲ್ಲಿ ಗಾಢವಾದ ನಂಬಿಕೆಯಿದೆ, ಅದು ಉಳಿದವುಗಳಂತೆಯೇ ಎಂದು ಹೇಳಲು ಮನಸ್ಸು ಒಪ್ಪುವುದಿಲ್ಲ. ಹಾಗೆ ಹೇಳದವನು ಶಾಂತಿಗೆ ಅಡ್ಡಿಯಾಗುತ್ತಾನೆಯೇ? – ಕಲಬುರಗಿ

ಉತ್ತರ: ಇಲ್ಲ, ತಮ್ಮಾ. ನಿಮ್ಮ ಪತ್ರದ ಪ್ರಾಮಾಣಿಕತೆ ನನಗೆ ಇಷ್ಟವಾಯಿತು. ನಂಬಿಕೆಯನ್ನು ತೆಳುವಾಗಿಸಿಕೊಂಡರೆ ಮಾತ್ರ ನೆರೆಯವನೊಡನೆ ಬಾಳಬಹುದು ಎಂಬ ಮಾತು ನಂಬುವವರನ್ನು ಶಾಂತಿಯ ಕೆಲಸದಿಂದ ದೂರ ಮಾಡುತ್ತದೆ; ಆ ಕೆಲಸಕ್ಕೆ ಅವರೇ ಹೆಚ್ಚು ಬೇಕಾದವರು.

ಇದಕ್ಕೆ ಸಾಕ್ಷಿ ನಿಮ್ಮ ಜಿಲ್ಲೆಯಲ್ಲಿಯೇ ಇದೆ. ಭೀಮಾ ನದಿಯ ದಂಡೆಯ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಯ ಗುಡಿಯಲ್ಲಿ, ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಒಂದು ಕಲ್ಲುಚಪ್ಪಡಿ 1980ರ ದಶಕದಲ್ಲಿ ಬೆಳಕಿಗೆ ಬಂತು. ಅದರ ಮೇಲೆ ಮೌರ್ಯ ದೊರೆ ಅಶೋಕನ ಬ್ರಾಹ್ಮೀ ಲಿಪಿಯ ಪ್ರಾಕೃತ ಶಾಸನಗಳಿದ್ದವು. ಎಲ್ಲ ಮನುಷ್ಯರೂ ನನ್ನ ಮಕ್ಕಳು ಎಂದು ಅವನು ಹೇಳಿರುವ ಶಾಸನವೂ, ಪಂಥಗಳ ನಡುವಿನ ಹೊಂದಾಣಿಕೆಯನ್ನು ಕುರಿತ ಹನ್ನೆರಡನೆಯ ಶಿಲಾಶಾಸನವೂ ಆ ಒಂದೇ ಕಲ್ಲಿನಲ್ಲಿವೆ. ಎರಡನೆಯದನ್ನು ನೀವು ಗಮನವಿಟ್ಟು ಓದಬೇಕು. ಎಲ್ಲ ಪಂಥಗಳೂ ಒಂದೇ ಎಂದು ಅಶೋಕ ಅಲ್ಲಿ ಎಲ್ಲಿಯೂ ಹೇಳುವುದಿಲ್ಲ. ಅವುಗಳು ಹಲವು ಎಂದು ಒಪ್ಪಿಕೊಂಡೇ ಮಾತು ಆರಂಭಿಸುತ್ತಾನೆ. ದಾನ, ಸನ್ಮಾನಗಳಿಗಿಂತ ಎಲ್ಲ ಪಂಥಗಳ ಸಾರ ಬೆಳೆಯುವುದೇ ದೊಡ್ಡದೆಂದೂ, ಆ ಬೆಳವಣಿಗೆಯ ಬೇರು ಮಾತಿನ ಕಾವಲು ಎಂದೂ ಹೇಳುತ್ತಾನೆ. ಸಂದರ್ಭವಿಲ್ಲದೆ ತನ್ನ ಪಂಥವನ್ನು ಹೊಗಳಬಾರದು, ಇತರರದನ್ನು ತೆಗಳಬಾರದು, ಸಂದರ್ಭ ಬಂದರೂ ಮಿತವಾಗಿ ಮಾತಾಡಬೇಕು ಎಂಬುದು ಆ ಕಾವಲಿನ ಅರ್ಥ. ತನ್ನ ಪಂಥದ ಮೇಲಿನ ಭಕ್ತಿಯಿಂದ ಇನ್ನೊಂದನ್ನು ಹಳಿಯುವವನು ತನ್ನದಕ್ಕೇ ಹೆಚ್ಚಿನ ಕೇಡು ಮಾಡುತ್ತಾನೆ ಎಂಬ ಎಚ್ಚರಿಕೆಯೂ ಅಲ್ಲಿದೆ. ಕೊನೆಗೆ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಬೇಕು, ಎಲ್ಲರೂ ಬಹುಶ್ರುತರಾಗಬೇಕು ಎನ್ನುತ್ತಾನೆ. ಇಷ್ಟಕ್ಕೇ ಬಿಡದೆ, ಇದನ್ನು ನೋಡಿಕೊಳ್ಳಲು ಧರ್ಮಮಹಾಮಾತ್ರರೆಂಬ ಅಧಿಕಾರಿಗಳನ್ನು ನೇಮಿಸಿದ್ದೇನೆ ಎಂದೂ ಕಂಡರಿಸಿದ್ದಾನೆ.

ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಈ ಮಾತಿನಲ್ಲಿ ನಿಮ್ಮ ಗಾಢವಾದ ನಂಬಿಕೆಗೆ ಜಾಗವಿದೆ. ಅವನು ಕೇಳುವುದು ನಾಲಿಗೆಯ ಹಿಡಿತವನ್ನು ಮತ್ತು ಕಿವಿಯ ತೆರವನ್ನು ಮಾತ್ರ.

ನಮ್ಮ ಕಾಲದಲ್ಲಿಯೂ ಹೀಗೆಯೇ ನಡೆದ ಒಂದು ಪ್ರಯತ್ನವಿದೆ. ಸ್ವಾಮಿ ವಿವೇಕಾನಂದರು ಮಾತಾಡಿದ ಶಿಕಾಗೊ ಸರ್ವಧರ್ಮ ಸಮ್ಮೇಳನ 1893ರ ಸೆಪ್ಟೆಂಬರ್ 11ರಿಂದ 27ರವರೆಗೆ ನಡೆದದ್ದು ಎಲ್ಲರಿಗೂ ಗೊತ್ತು. ಅದರ ನೂರನೆಯ ವರ್ಷಕ್ಕೆ, 1993ರಲ್ಲಿ, ಅದೇ ಊರಿನಲ್ಲಿ ಸೇರಿದವರು ಒಂದು ಜಾಗತಿಕ ನೀತಿಯ ಘೋಷಣೆಯನ್ನು ಒಪ್ಪಿಕೊಂಡರು. ಅದರ ಕರಡನ್ನು ಸಿದ್ಧಪಡಿಸಿದವರು ಕ್ಯಾಥೊಲಿಕ್ ಧರ್ಮಶಾಸ್ತ್ರಜ್ಞ ಹಾನ್ಸ್ ಕ್ಯುಂಗ್. ದೇವರು ಎಂಬ ಶಬ್ದವನ್ನೇ ಆಧಾರವಾಗಿಟ್ಟುಕೊಂಡರೆ ಬೌದ್ಧರು ಸಹಿ ಹಾಕುವಂತಿಲ್ಲ ಎಂಬ ಕಾರಣಕ್ಕೆ ಆ ಶಬ್ದವನ್ನು ಬಿಟ್ಟರು. ಕ್ಯುಂಗ್ ಅವರು ದೇವರನ್ನು ಬಿಟ್ಟವರಲ್ಲ, ಬೌದ್ಧರು ತಮ್ಮ ನಿಲುವನ್ನು ಬದಲಿಸಿದವರಲ್ಲ. ಹಿಂಸೆ ಮಾಡದಿರುವುದು, ನ್ಯಾಯದ ಆರ್ಥಿಕ ವ್ಯವಸ್ಥೆ, ಸಹನೆ ಮತ್ತು ಸತ್ಯದ ಬಾಳು, ಗಂಡು ಹೆಣ್ಣಿನ ಸಮಾನತೆ ಎಂಬ ನಾಲ್ಕು ನಡತೆಗಳಲ್ಲಿ ಒಂದಾದರು, ತತ್ತ್ವದಲ್ಲಿ ಬೇರೆಯಾಗಿಯೇ ಉಳಿದರು. ನೀವೂ ಹಾಗೆ ಉಳಿಯಬಹುದು.

ಪ್ರಶ್ನೆ: ಸೆಪ್ಟೆಂಬರ್ 21 ಅಂತರರಾಷ್ಟ್ರೀಯ ಶಾಂತಿ ದಿನವಂತೆ. ಒಂದು ದಿನ ಆಚರಿಸಿ ಆಗುವ ಪ್ರಯೋಜನವೇನು? – ಚಿತ್ರದುರ್ಗ

ಉತ್ತರ: ಆಚರಣೆಯೊಂದರಿಂದಲೇ ಏನೂ ಆಗದು. ವಿಶ್ವಸಂಸ್ಥೆ 1981ರಲ್ಲಿ ಆ ದಿನವನ್ನು ಗೊತ್ತುಮಾಡಿತು. 2001ರಲ್ಲಿ ದಿನಾಂಕವನ್ನು ಖಾಯಂ ಮಾಡಿ, ಆ ಒಂದು ದಿನವಾದರೂ ಕದನ ನಿಲ್ಲಿಸಿರೆಂದು ಎಲ್ಲ ದೇಶಗಳನ್ನು ಕೇಳಿಕೊಂಡಿತು. ಅಫ್ಘಾನಿಸ್ತಾನದಲ್ಲಿ 2007ರಿಂದ ಕೆಲವು ವರ್ಷ, ಆ ದಿನದ ಆಸುಪಾಸಿನಲ್ಲಿ ಲಸಿಕೆ ಹಾಕುವವರನ್ನು ತಡೆಯುವುದಿಲ್ಲವೆಂದು ಹೋರಾಡುತ್ತಿದ್ದವರು ಒಪ್ಪಿದ್ದರಿಂದ, ಅದುವರೆಗೆ ಯಾರೂ ಕಾಲಿಡಲಾಗದಿದ್ದ ಹಳ್ಳಿಗಳ ಮಕ್ಕಳಿಗೆ ಪೋಲಿಯೊ ಹನಿ ಸಿಕ್ಕಿತು. ಒಂದು ದಿನಕ್ಕೆ ಒಂದು ನಿರ್ದಿಷ್ಟ ಕೆಲಸವನ್ನು ಕಟ್ಟಿದಾಗ ಅದಕ್ಕೆ ಬೆಲೆ ಬರುತ್ತದೆ. ಆ ದಿನ ನಿಮ್ಮೂರಿನಲ್ಲಿ ಮೆರವಣಿಗೆ ಮಾಡುವವರಿಗೆ ಈ ಮಾತನ್ನು ತಿಳಿಸಿ.

ಪ್ರಶ್ನೆ: ನಾನು ಕುಂದಾಪುರದ ಕಡೆಯವಳು. ಬೆಲ್‌ಫಾಸ್ಟ್ ನಗರದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೇನೆ. 2024ರ ಆಗಸ್ಟಿನಲ್ಲಿ ಇಲ್ಲಿ ವಲಸೆ ಬಂದವರ ಅಂಗಡಿಗಳ ಮೇಲೆ ದಾಳಿ ನಡೆದಾಗ ಒಂದು ವಾರ ಕೆಲಸಕ್ಕೆ ಹೋಗಿಬರಲೂ ಅಂಜಿಕೆಯಾಗಿತ್ತು. ಆಗ ಬಸ್ ನಿಲ್ದಾಣದವರೆಗೆ ಜೊತೆಗೆ ಬಂದವರು ನೆರೆಮನೆಯ ಅಜ್ಜಿ. ಮಗನಿಗೆ ಈ ವರ್ಷ ಹೈಸ್ಕೂಲು. ಕ್ಯಾಥೊಲಿಕ್, ಪ್ರಾಟೆಸ್ಟಂಟ್ ಮಕ್ಕಳು ಕೂಡಿ ಓದುವ ಶಾಲೆಗೆ ಸೇರಿಸು ಎಂದು ಆ ಅಜ್ಜಿಯೇ ಹೇಳುತ್ತಾರೆ. ಕೂಡಿ ಓದಿದ ಮಾತ್ರಕ್ಕೆ ದ್ವೇಷ ಹೋಗುತ್ತದೆಯೇ? – ಬೆಲ್‌ಫಾಸ್ಟ್

ಉತ್ತರ: ನಿಮ್ಮ ಅಂಜಿಕೆಯನ್ನು ಓದಿ ಮನಸ್ಸಿಗೆ ನೋವಾಯಿತು, ಆ ಅಜ್ಜಿಯ ವಿಷಯ ಓದಿ ಸಮಾಧಾನವೂ ಆಯಿತು. ಅವರ ಮಾತಿನ ಹಿಂದೆ ಒಂದು ದೊಡ್ಡ ಅನುಭವವಿರಬೇಕು. ನಮ್ಮ ಒಂದು ಜಿಲ್ಲೆಯಷ್ಟು ಜನರಿರುವ ಉತ್ತರ ಐರ್ಲೆಂಡಿನಲ್ಲಿ 1960ರ ದಶಕದ ಕೊನೆಯಿಂದ 1998ರ ಏಪ್ರಿಲ್ 10ರ ಒಪ್ಪಂದದವರೆಗಿನ ಮೂವತ್ತು ವರ್ಷಗಳಲ್ಲಿ ಮೂರೂವರೆ ಸಾವಿರದಷ್ಟು ಜನ ಕೊಲೆಯಾದರು. ಜಗಳದ ಮೂಲದಲ್ಲಿದ್ದದ್ದು ನಾಡು ಯಾರಿಗೆ ಸೇರಬೇಕು, ಉದ್ಯೋಗ ಮತ್ತು ಮನೆ ಯಾರಿಗೆ ಸಿಗಬೇಕು ಎಂಬ ಪ್ರಶ್ನೆ. ಆದರೆ ಯಾರು ಯಾವ ಕಡೆ ಎಂಬುದನ್ನು ಗುರುತಿಸಿದ್ದು ಚರ್ಚು ಮತ್ತು ಶಾಲೆ. ಮಗು ಯಾವ ಶಾಲೆಗೆ ಹೋಗುತ್ತದೆ ಎಂದು ಗೊತ್ತಾದರೆ ಅದರ ಮನೆ ಯಾವ ಓಣಿಯಲ್ಲಿದೆ ಎಂಬುದೂ ಗೊತ್ತಾಗುತ್ತಿತ್ತು.

ಅಂಥ ದಿನಗಳಲ್ಲಿ, 1981ರಲ್ಲಿ, ಸೆರೆಮನೆಯ ಉಪವಾಸ ಸತ್ಯಾಗ್ರಹದಲ್ಲಿ ಹತ್ತು ಕೈದಿಗಳು ಸತ್ತು ಊರೆಲ್ಲ ಕುದಿಯುತ್ತಿದ್ದ ವರ್ಷವೇ, ಬೆಲ್‌ಫಾಸ್ಟಿನ ಕೆಲವು ತಂದೆತಾಯಂದಿರು ಸೇರಿ ಲಗಾನ್ ಕಾಲೇಜ್ ಎಂಬ ಶಾಲೆ ತೆರೆದರು. ಮೊದಲ ವರ್ಷ ಅಲ್ಲಿದ್ದವರು 28 ಮಕ್ಕಳು. ಸರ್ಕಾರದ ನೆರವಿರಲಿಲ್ಲ, ನಡೆದದ್ದು ಸ್ಕೌಟ್ ಸಭಾಂಗಣದಲ್ಲಿ. ಇಂದು ಅಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳಿದ್ದಾರೆ. ಇಂಥ ಶಾಲೆಗಳನ್ನು ಪ್ರೋತ್ಸಾಹಿಸಬೇಕೆಂಬ ಮಾತು 1998ರ ಒಪ್ಪಂದದಲ್ಲಿಯೇ ಸೇರಿತು. ಹಾಗಿದ್ದೂ ಆ ನಾಡಿನ ಮಕ್ಕಳಲ್ಲಿ ಇಂಥ ಕೂಡುಶಾಲೆಗಳಲ್ಲಿ ಓದುವವರು ಇವತ್ತಿಗೂ ನೂರಕ್ಕೆ ಹತ್ತಕ್ಕಿಂತ ಕಡಿಮೆ. ನಿಮ್ಮ ನಗರದಲ್ಲಿ ಎರಡು ಕಡೆಯ ಬಡಾವಣೆಗಳನ್ನು ಬೇರ್ಪಡಿಸುವ ಗೋಡೆಗಳು ಇನ್ನೂ ನಿಂತಿವೆ, ಕೆಲವು ಗೇಟುಗಳನ್ನು ರಾತ್ರಿ ಮುಚ್ಚುತ್ತಾರೆ. 2023ರೊಳಗೆ ಅವನ್ನೆಲ್ಲ ತೆಗೆಯುತ್ತೇವೆಂದು ಸರ್ಕಾರ 2013ರಲ್ಲಿ ಹೇಳಿದ್ದ ಮಾತು ಮಾತಾಗಿಯೇ ಉಳಿಯಿತು.

ಇವನ್ನೆಲ್ಲ ಹೇಳಿದ್ದು ನಿಮ್ಮನ್ನು ಹಿಂಜರಿಯುವಂತೆ ಮಾಡಲಿಕ್ಕಲ್ಲ. ಶಾಲೆಯೊಂದು ದ್ವೇಷವನ್ನು ತೊಳೆದುಬಿಡುತ್ತದೆ ಎಂದು ನಾನು ಹೇಳಲಾರೆ. ಆದರೆ ಕೂಡಿ ಓದಿದ ಮಕ್ಕಳಿಗೆ ಎದುರು ಕಡೆಯ ಕನಿಷ್ಠ ಒಬ್ಬರ ಹೆಸರು, ಮನೆ, ಊಟದ ಡಬ್ಬಿ ಗೊತ್ತಿರುತ್ತದೆ. ‘ಅವರು’ ಎಂದು ಯಾರಾದರೂ ಆರಂಭಿಸಿದ ತಕ್ಷಣ ಆ ಮಗುವಿನ ಕಣ್ಣ ಮುಂದೆ ಒಂದು ಮುಖ ಬರುತ್ತದೆ. ನಿಮ್ಮ ಮಗ ಎರಡೂ ಕಡೆಗೆ ಸೇರದವನು. ಅಂಥ ಮಕ್ಕಳು ಇರುವ ತರಗತಿಯಲ್ಲಿ ಹಳೆಯ ಇಬ್ಭಾಗದ ಲೆಕ್ಕವೇ ತಪ್ಪಿಹೋಗುತ್ತದೆ. ಅಜ್ಜಿಯ ಮಾತನ್ನು ಕೇಳಿ, ಸೇರಿಸಿ. ಬಿಡುವಾದಾಗ ಆ ವರ್ಷಗಳಲ್ಲಿ ಅವರ ಓಣಿ ಹೇಗಿತ್ತು ಎಂದು ಮಗನ ಎದುರಿಗೇ ಕೇಳಿ ತಿಳಿದುಕೊಳ್ಳಿ.

ಪ್ರಶ್ನೆ: ನಮ್ಮದು ಸಣ್ಣ ಪಟ್ಟಣ. ಹಬ್ಬದ ಮೆರವಣಿಗೆಯ ದಾರಿ, ಧ್ವನಿವರ್ಧಕದ ಹೊತ್ತು ಇವುಗಳ ಬಗ್ಗೆ ಎರಡು ಕೋಮಿನವರಿಗೂ ಆಗಾಗ ಮನಸ್ತಾಪ ಬರುತ್ತದೆ. ಹಬ್ಬಕ್ಕೆ ಮುಂಚೆ ಶಾಂತಿ ಸಭೆ ಕರೆಯುತ್ತಾರೆ, ಎಲ್ಲರೂ ಒಳ್ಳೆಯ ಮಾತಾಡಿ, ಚಹಾ ಕುಡಿದು ಎದ್ದು ಬರುತ್ತೇವೆ. ಮುಂದಿನ ಹಬ್ಬಕ್ಕೆ ಮತ್ತೆ ಅದೇ. ಸಾಮಾನ್ಯರಾದ ನಾವು ಇನ್ನೇನು ಮಾಡಬಹುದು? – ಹಾಸನ ಜಿಲ್ಲೆ

ಉತ್ತರ: ಈ ಎಲ್ಲ ಪತ್ರಗಳಲ್ಲಿ ನಿಮ್ಮದಕ್ಕೆ ಉತ್ತರಿಸುವುದೇ ಕಷ್ಟ, ಮತ್ತು ನನಗೆ ಹತ್ತಿರವಾದದ್ದೂ ನಿಮ್ಮದೇ. ಮೊದಲು ನೈಜೀರಿಯದ ಕಡುನಾ ನಗರದ ಇಬ್ಬರ ವಿಷಯ ಹೇಳುತ್ತೇನೆ. ಇಮಾಮ್ ಮುಹಮ್ಮದ್ ಅಶಾಫಾ ಮತ್ತು ಪಾದ್ರಿ ಜೇಮ್ಸ್ ವುಯೆ ತಮ್ಮ ಯೌವನದಲ್ಲಿ ಎದುರುಬದುರಿನ ಹೊಡೆದಾಟದ ಗುಂಪುಗಳಲ್ಲಿದ್ದವರು. 1992ರ ಗಲಭೆಯಲ್ಲಿ ವುಯೆ ತಮ್ಮ ಬಲಗೈ ಕಳೆದುಕೊಂಡರು. ಅಶಾಫಾ ತಮ್ಮ ಗುರುವನ್ನೂ ಇಬ್ಬರು ಬಂಧುಗಳನ್ನೂ ಕಳೆದುಕೊಂಡರು. 1995ರಲ್ಲಿ ಮಕ್ಕಳ ಲಸಿಕೆಯ ವಿಷಯಕ್ಕೆ ಸರ್ಕಾರ ಕರೆದಿದ್ದ ಸಭೆಯಲ್ಲಿ ಪತ್ರಕರ್ತರೊಬ್ಬರು ಇವರಿಬ್ಬರ ಕೈ ಸೇರಿಸಿದರು. ಅದರಿಂದ ಕೂಡಲೇ ಸ್ನೇಹ ಹುಟ್ಟಲಿಲ್ಲ. ಜೊತೆಯಾಗಿ ಕೆಲಸಕ್ಕೆ ಹೊರಟ ಆರಂಭದ ದಿನಗಳಲ್ಲಿ, ಒಂದೇ ಕೋಣೆಯಲ್ಲಿ ಮಲಗಿದ್ದ ಇಮಾಮರ ಮುಖಕ್ಕೆ ದಿಂಬು ಒತ್ತಿಬಿಡುವ ಯೋಚನೆ ತಮಗೆ ಬಂದಿತ್ತೆಂದು ವುಯೆ ಅವರೇ ಮುಂದೆ ಒಪ್ಪಿಕೊಂಡರು. ಇಬ್ಬರೂ ಸೇರಿ ಅಂತರಧರ್ಮೀಯ ಮಧ್ಯಸ್ಥಿಕೆ ಕೇಂದ್ರವೊಂದನ್ನು ಕಟ್ಟಿದರು. ಅವರ ಶ್ರಮದಿಂದ 2002ರ ಆಗಸ್ಟಿನಲ್ಲಿ ಕಡುನಾದ ಧರ್ಮನಾಯಕರು ಶಾಂತಿ ಘೋಷಣೆಗೆ ಸಹಿ ಹಾಕಿದರು. ಮೂರೇ ತಿಂಗಳಲ್ಲಿ, ಅದೇ ವರ್ಷದ ನವೆಂಬರಿನಲ್ಲಿ, ಆ ನಗರದಲ್ಲಿ ಮತ್ತೆ ಗಲಭೆಯಾಗಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಸಹಿ ಹಾಕಿದವರು ಆಗ ಕೈಚೆಲ್ಲಿದ್ದರೆ ಅವರನ್ನು ದೂರಲು ನನಗೆ ಬಾಯಿ ಬರುತ್ತಿರಲಿಲ್ಲ. ಅವರಿಬ್ಬರೂ ಕೈಚೆಲ್ಲಲಿಲ್ಲ, ಊರಿಂದೂರಿಗೆ ಜೊತೆಯಾಗಿಯೇ ಹೋಗುತ್ತ ಎರಡು ಕಡೆಯ ಹುಡುಗರನ್ನು ಕೂರಿಸಿ ಮಾತಾಡಿಸುತ್ತ ಬಂದರು. ನಿಮ್ಮ ಶಾಂತಿ ಸಭೆ ಪ್ರತಿವರ್ಷ ಮೊದಲಿನಿಂದ ಆರಂಭವಾಗುವುದು ಬೇಸರದ ಸಂಗತಿ ನಿಜ, ಆದರೆ ಅದು ನಿಂತುಹೋಗುವುದಕ್ಕಿಂತ ಮೇಲು.

ಆ ಸಭೆಗೆ ಇನ್ನೂ ಏನನ್ನು ಸೇರಿಸಬಹುದೆಂಬುದಕ್ಕೆ ನಿಮ್ಮ ಜಿಲ್ಲೆಯ ಶ್ರವಣಬೆಳಗೊಳಕ್ಕೆ ಹೋಗಿ ಬನ್ನಿ. ಅಲ್ಲಿನ ಭಂಡಾರಿ ಬಸದಿಯಲ್ಲಿ ವಿಜಯನಗರದ ಬುಕ್ಕರಾಯನ ಕಾಲದ, 1368ರ ಒಂದು ಕನ್ನಡ ಶಾಸನವಿದೆ. ಜೈನರಿಗೂ ಶ್ರೀವೈಷ್ಣವ ಭಕ್ತರಿಗೂ ಜಗಳವಾಗಿ, ತಮಗೆ ಅನ್ಯಾಯವಾಗುತ್ತಿದೆ ಎಂದು ಜೈನರು ಅರಸನಲ್ಲಿ ದೂರು ಕೊಟ್ಟರು. ಆನೆಗೊಂದಿ, ಪೆನುಗೊಂಡೆ ಮೊದಲಾದ ಕಡೆಗಳ ಜೈನ ಮುಖಂಡರು ಬಂದಿದ್ದರು. ಇನ್ನೊಂದು ಕಡೆ ವೈಷ್ಣವ ಆಚಾರ್ಯರೂ ಸಮುದಾಯದವರೂ ನೆರೆದಿದ್ದರು. ಬುಕ್ಕರಾಯ ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟನು. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಇಲ್ಲಿಯವರೆಗಿನದು ನಿಮ್ಮ ಸಭೆಯಂತೆಯೇ ಇದೆ. ಮುಂದಿನ ಸಾಲುಗಳನ್ನು ಗಮನಿಸಿ.

ಜೈನ ದರ್ಶನಕ್ಕೆ ಮೊದಲಿನಂತೆ ಪಂಚಮಹಾವಾದ್ಯಗಳೂ ಕಲಶವೂ ಸಲ್ಲುತ್ತವೆ ಎಂದು ಜಗಳದ ನಿಜವಾದ ವಿಷಯವನ್ನೇ ಹೆಸರಿಸಿ ತೀರ್ಮಾನಿಸಲಾಯಿತು. ವಾದ್ಯ ಯಾರದು, ಎಲ್ಲಿ ನುಡಿಸಬಹುದು ಎಂಬುದು ಆರುನೂರೈವತ್ತು ವರ್ಷಗಳ ಹಿಂದೆಯೂ ಜಗಳದ ವಿಷಯವಾಗಿತ್ತು ಎಂಬುದನ್ನು ನೀವು ನೋಡಬಹುದು. ಭಕ್ತರಿಂದ ಜೈನರಿಗೆ ಹಾನಿಯಾದರೆ ಅದನ್ನು ವೈಷ್ಣವರು ತಮಗೇ ಆದ ಹಾನಿ ಎಂದು ತಿಳಿಯಬೇಕು, ಈ ಶಾಸನವನ್ನು ರಾಜ್ಯದ ಬಸದಿಗಳಲ್ಲೆಲ್ಲ ಅವರೇ ನೆಡಿಸಬೇಕು ಎಂದಾಯಿತು. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ (ಹಣವೆಂಬುದು ಆಗಿನ ಒಂದು ನಾಣ್ಯ) ಕೂಡಿಸಿ, ಅದರಿಂದ ತಿರುಮಲೆಯ ತಾತಯ್ಯನವರು ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲುಗಾರರನ್ನು ನೇಮಿಸಬೇಕೆಂದು ಬರೆಯಲಾಯಿತು. ತಾತಯ್ಯನವರು ವೈಷ್ಣವರ ಕಡೆಯವರು. ಬಸದಿಯ ಕಾವಲಿನ ಹೊಣೆಯನ್ನು ಎದುರು ಕಡೆಯವರ ಹಿರಿಯರ ಹೆಗಲಿಗೇ ಹೊರಿಸಿದ ಜಾಣ್ಮೆ ನನಗೆ ಪ್ರತಿಸಲವೂ ಬೆರಗು ಹುಟ್ಟಿಸುತ್ತದೆ. ಹಣವನ್ನು ಮಾತ್ರ ದೂರು ಕೊಟ್ಟವರಿಂದಲೇ ಎತ್ತಿಸಿದ್ದು ಇಂದಿನ ನ್ಯಾಯದ ಕಣ್ಣಿಗೆ ಸರಿಯೆನಿಸುವುದಿಲ್ಲ. ನಿಮ್ಮೂರಿನಲ್ಲಿ ಹಾಗೆ ಮಾಡಬೇಡಿ. ಎರಡೂ ಕಡೆಯವರು ಸೇರಿಯೇ ಎತ್ತಿರಿ.

ಆದ್ದರಿಂದ ಮುಂದಿನ ಸಭೆಯಲ್ಲಿ ಚಹಾ ಬರುವ ಮುಂಚೆ ಒಂದು ಹಾಳೆಯ ಮೇಲೆ ಕೆಲವು ಮಾತು ಬರೆಸಿ. ಮೆರವಣಿಗೆ ಮಸೀದಿಯ ಮುಂದೆ ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಹೊತ್ತಿಗೆ ದಾಟುತ್ತದೆ. ಯಾವ ಹೊತ್ತಿನಲ್ಲಿ ಯಾರ ಧ್ವನಿವರ್ಧಕ ನಿಲ್ಲಬೇಕು. ರಾತ್ರಿ ಸುಳ್ಳುಸುದ್ದಿಯೊಂದು ಮೊಬೈಲಿನಲ್ಲಿ ಹರಿದರೆ ಯಾರು ಯಾರಿಗೆ ಫೋನ್ ಮಾಡಿ ವಿಚಾರಿಸಬೇಕು. ದೇವಸ್ಥಾನದ ಬೀದಿಯಲ್ಲಿ ಆ ದಿನ ನಿಲ್ಲುವ ಮುಸ್ಲಿಂ ಯುವಕರು ಯಾರು, ಮಸೀದಿಯ ಬೀದಿಯಲ್ಲಿ ನಿಲ್ಲುವ ಹಿಂದೂ ಯುವಕರು ಯಾರು. ಹೆಸರು ಹಿಡಿದು ಬರೆಯಿರಿ. ಯಾರದ್ದಾದರೂ ಅಂಗಡಿಯ ಗಾಜು ಒಡೆದರೆ ಮರುದಿನ ಬೆಳಿಗ್ಗೆಯೇ ಸರಿಪಡಿಸಲು ಒಂದಿಷ್ಟು ಹಣವನ್ನು ಮೊದಲೇ ತೆಗೆದಿಡಿ. ಬುಕ್ಕರಾಯನ ಶಾಸನದಲ್ಲಿಯೂ ಅಂಥ ಒಂದು ಏರ್ಪಾಡಿದೆ: ಕಾವಲುಗಾರರಿಗೆ ಕೊಟ್ಟು ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು ಎಂದು ಅಲ್ಲಿ ಬರೆದಿದೆ.